ಪಾಚಿ ಸಾಲಿನಿಂದ ಹೊರಬಿದ್ದ ಔಸ್ಮಾ

ಔಸ್ಮಾ ಪುರ್ಮಲೆ ನಮ್ಮ ತಲೆಯ ಮೇಲೆಯೇ ವಾಸವಾಗಿದ್ದಾಳೆ. ನಮ್ಮದು ನಾಲ್ಕನೆಯ ಮಹಡಿ, ಅವಳದು ಐದನೆಯದು. ನಡುವಿನ ಚಪ್ಪಡಿ ಎಷ್ಟು ತೆಳುವೆಂದರೆ, ಅವಳು ಕಡಲಿನಿಂದ ಬಂದು ರಬ್ಬರ್ ಬೂಟು ಕಳಚಿ ಎಸೆದರೆ ನನ್ನ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಅದುರುತ್ತದೆ. ನಾವು ಬಂದ ಹೊಸತರಲ್ಲಿ ದಿನವೂ ಇದೇ ಆಟ. ಮಗಳು ಟೆಕ್ಲಾಳನ್ನು ತಟ್ಟಿ ತಟ್ಟಿ ಮಲಗಿಸಿ ನಾನು ಉಸಿರು ಬಿಡುವಷ್ಟರಲ್ಲಿ ಮೇಲೆ ಧಡ್ ಎನ್ನುವುದು, ಮಗು ಎದ್ದು ಕೂರುವುದು, ನಾನು ಪೊರಕೆಯ ಹಿಡಿಯಿಂದ ಸೂರಿಗೆ ಕುಟ್ಟುವುದು, ಅವಳು ಇನ್ನೊಂದು ಬೂಟನ್ನು ಬೇಕೆಂದೇ ಎತ್ತಿ ಹಾಕುವುದು. ಮುಖಾಮುಖಿ ಮಾತಾಡುವ ಮೊದಲೇ ನಮ್ಮ ಜಗಳ ಶುರುವಾಗಿತ್ತು.

ಮೊದಲ ಮಾತೂ ಒಳ್ಳೆಯದಾಗಲಿಲ್ಲ. ಮೆಟ್ಟಿಲಲ್ಲಿ ಟೆಕ್ಲಾ ಕೆಮ್ಮುತ್ತಿದ್ದಳು. ಬಕೆಟ್ಟು ಹಿಡಿದು ಇಳಿಯುತ್ತಿದ್ದ ಔಸ್ಮಾ ಗೋಡೆಗೆ ಅಂಟಿ ನಿಂತು, "ರೀಗಾದಿಂದ ರೋಗ ಕಟ್ಕೊಂಡು ಬಂದ್ರಾ? ನಮ್ಮಲ್ಲಿ ಇರೋದೇ ಸಾಕಾಗಿತ್ತು," ಎಂದಳು. ಮಗುವಿನ ಎದೆಗೆ ಕಡಲ ಗಾಳಿ ಒಳ್ಳೆಯದೆಂದು ಡಾಕ್ಟರು ಹೇಳಿದ್ದಾರೆ ಎಂದೆ. ಈ ಗಾಳಿಯಲ್ಲಿ ಏನೇನಿದೆ ಅಂತ ನಿನ್ನ ಡಾಕ್ಟರಿಗೆ ಗೊತ್ತಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಳಿದುಹೋದಳು. ಆಮೇಲೆ ಎಷ್ಟೋ ದಿನ ಕಿಟಕಿ ತೆರೆಯಲೋ ಮುಚ್ಚಲೋ ತಿಳಿಯದೆ ಒದ್ದಾಡಿದೆ.

ನಾವು ರಾಜಧಾನಿ ರೀಗಾ ಬಿಟ್ಟು ಕರೋಸ್ತಾಕ್ಕೆ ಬಂದದ್ದು ರಷ್ಯದ ಸೈನ್ಯ ಜಾಗ ಖಾಲಿ ಮಾಡಿ ಕೆಲವು ವರ್ಷವಾದ ಮೇಲೆ. ಲಿಯೆಪಾಯಾ ಊರಿನ ಉತ್ತರಕ್ಕೆ, ಕಾಲುವೆಯ ಆಚೆ ಇರುವ ಯುದ್ಧಬಂದರು ಇದು. ಅರ್ಧಕ್ಕರ್ಧ ಮನೆಗಳಿಗೆ ಕಿಟಕಿಯಿಲ್ಲ. ಚೌಕಟ್ಟು, ನಲ್ಲಿ, ಕೊಳವೆ, ಬಿಚ್ಚಲು ಬಂದದ್ದನ್ನೆಲ್ಲ ಯಾರ್ಯಾರೋ ಬಿಚ್ಚಿಕೊಂಡು ಹೋಗಿದ್ದರು. ಅದಕ್ಕೇ ಬಾಡಿಗೆ ಅಗ್ಗ. ನನ್ನ ಗಂಡ ಊಗಿಸ್‌ಗೆ ಬಂದರಿನ ಕ್ರೇನಿನಲ್ಲಿ ಕೆಲಸ ಸಿಕ್ಕಿತ್ತು. ಅವನು ಇದೇ ಊರಿನವನು, ಅವನಿಗೆ ಎಲ್ಲವೂ ಸಹಜ. ನನಗೆ ಮಾತ್ರ ಹುಲ್ಲಿನಲ್ಲಿ ಒಂದು ತುಂಡು ತಂತಿ ಕಂಡರೂ ಅದರ ಇನ್ನೊಂದು ತುದಿ ಯಾವುದಕ್ಕೆ ಸೇರಿದೆಯೋ ಎಂಬ ಯೋಚನೆ.

ಊರಿಗೆ ಹೆಸರೂ ಒಂದಲ್ಲ. ಮೀನುಗಾರರ ಹಟ್ಟಿಯಾಗಿದ್ದಾಗ ಲೀವಾ. ಜರ್ಮನರಿಗೆ ಲಿಬಾವ್, ರಷ್ಯನರಿಗೆ ಲಿಬಾವಾ, ಗಡಿಯಾಚೆಯಿಂದ ಬೆಣ್ಣೆ ತಂದು ಮಾರುವ ಲಿಥುವೇನಿಯದವರಿಗೆ ಲಿಯೆಪೋಯಾ, ನಮಗೆ ಲಿಯೆಪಾಯಾ. ಬೆಣ್ಣೆಯವರನ್ನು ಬಿಟ್ಟರೆ ಹೊಸ ಹೆಸರಿಟ್ಟವರೆಲ್ಲ ಜೊತೆಗೆ ಫಿರಂಗಿ ತಂದರು. ರಷ್ಯದ ದೊರೆ ಇಲ್ಲಿ ಕೋಟೆ ಕಟ್ಟಿಸಿದ. ಕೆಲವೇ ವರ್ಷಕ್ಕೆ ಬೇಡವೆನಿಸಿ ಅವನ ಕಡೆಯವರೇ ಸಿಡಿಮದ್ದಿಟ್ಟರು. ಅದು ಪೂರ್ತಿ ಒಡೆಯಲೂ ಇಲ್ಲ, ಇಂದಿಗೂ ಕಡಲಿಗೆ ಮಗುಚಿಕೊಂಡು ಬಿದ್ದಿದೆ. ಜಪಾನಿನವರ ಮೇಲೆ ಯುದ್ಧಕ್ಕೆಂದು ಇಲ್ಲಿಂದ ಹೊರಟ ಹಡಗುಗಳಲ್ಲಿ ಹೆಚ್ಚಿನವು ಹಿಂದಿರುಗಲಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನರು ಬಂದರು. ಅದು ಮುಗಿದ ಮೇಲೆ ನಮ್ಮದೇ ಹೊಸ ಸರ್ಕಾರ ನೆಲದ ಮೇಲೆ ನಿಲ್ಲಲು ಧೈರ್ಯ ಸಾಲದೆ ಕೆಲವು ವಾರ ಈ ಬಂದರಿನಲ್ಲಿ ಹಡಗು ಹತ್ತಿ ಕೂತಿತ್ತು. ಊಗಿಸ್ ಇದನ್ನೆಲ್ಲ ಹೆಮ್ಮೆಯಿಂದ ಹೇಳುತ್ತಾನೆ. ನಾನು ಕೇಳುವುದು ಒಂದೇ ಮಾತು: ಇಷ್ಟು ಜನ ತಂದು ಸುರಿದ ಮದ್ದನ್ನು ಹೋಗುವಾಗ ಯಾರಾದರೂ ಗುಡಿಸಿಕೊಂಡು ಹೋದರೇ?

ಔಸ್ಮಾ ಹುಟ್ಟಿದ್ದು ಎರಡನೆಯ ಮಹಾಯುದ್ಧದಲ್ಲಿ, ನಲವತ್ತೊಂದರ ಜೂನ್ ಕೊನೆಯಲ್ಲಿ, ಜರ್ಮನರು ಮತ್ತೊಮ್ಮೆ ಊರಿಗೆ ನುಗ್ಗುತ್ತಿದ್ದ ವಾರ, ಆಲೂಗೆಡ್ಡೆ ತುಂಬಿಡುವ ನೆಲಮಾಳಿಗೆಯೊಳಗೆ. ಹೊರಗೆ ಫಿರಂಗಿ ಮೊರೆಯುತ್ತಿತ್ತು, ಸೂಲಗಿತ್ತಿ ನಡುವಿನಲ್ಲೇ ಎದ್ದು ಓಡಿದ್ದಳಂತೆ. ಅಪ್ಪನನ್ನು ಮೊದಲು ಒಂದು ಕಡೆಯವರು ಕರೆದೊಯ್ದರು, ಅವನು ತಪ್ಪಿಸಿಕೊಂಡು ಬಂದ. ಆಮೇಲೆ ಇನ್ನೊಂದು ಕಡೆಯವರು ಕರೆದೊಯ್ದರು, ಆ ಸಲ ಬರಲಿಲ್ಲ. ಬರ್ಲಿನ್ ಬಿದ್ದ ಮೇಲೂ ಈ ಊರು ಜರ್ಮನರ ಕೈಯಲ್ಲೇ ಇತ್ತು. ಯುದ್ಧ ಮುಗಿದ ಮೇಲೆಯೇ ರಷ್ಯನರು ಒಳಗೆ ಬಂದದ್ದು. ನಮ್ಮವರು ಎಂದರೆ ಯಾರೆಂದು ಆ ಪುಟ್ಟ ಹುಡುಗಿಗೆ ತಿಳಿಯುವ ಮೊದಲೇ ನಮ್ಮವರು ಬದಲಾಗಿಬಿಡುತ್ತಿದ್ದರು.

ಆಮೇಲೆ ಕರೋಸ್ತಾಕ್ಕೆ ಬೀಗ ಬಿತ್ತು. ಕಾಲುವೆಯ ಕಬ್ಬಿಣದ ಸೇತುವೆಯ ಬಳಿ ಕಾವಲು, ಪಾಸಿಲ್ಲದವರು ದಾಟುವಂತಿಲ್ಲ. ಊಗಿಸ್ ಆಚೆ ದಡದಲ್ಲೇ ಹುಟ್ಟಿದವನಾದರೂ ಮೀಸೆ ಬರುವವರೆಗೆ ಈ ಕಡೆಯ ಮಣ್ಣು ಮೆಟ್ಟಿರಲಿಲ್ಲ. ಔಸ್ಮಾ ದಾಟಿದಳು. ನಾವಿಕರ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿ, ಬಂದರಿನ ಸರಕುದೋಣಿಯೊಂದರಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದ ಗ್ಲೆಬ್ ಎಂಬವನನ್ನು ಮದುವೆಯಾಗಿ ಇಲ್ಲೇ ಉಳಿದಳು. ಊರಿನವರು ಅವಳನ್ನು ರಷ್ಯನರ ಸಾಬೂನು ಎಂದು ಕರೆದರು. ಈ ಕಡೆಯ ಅಧಿಕಾರಿಗಳ ಹೆಂಡತಿಯರು ಜರ್ಮನ್ ಮರಿ ಎಂದರು. ಮಕ್ಕಳಾಗಲಿಲ್ಲ. ಗ್ಲೆಬ್ ಕುಡಿದು ಕುಡಿದು ಲಿವರ್ ಕೆಟ್ಟು ಸತ್ತ. ಸೈನ್ಯ ಹೋಯಿತು, ಒಗೆಯಲು ಬಟ್ಟೆ ಇಲ್ಲವಾಯಿತು. ಕಡಲ ದಡದ ಬೇಲಿ ಬಿಚ್ಚಿದ ಮೇಲೆ ಔಸ್ಮಾ ಅಂಬರ್ ಆಯುವವರ ಸಾಲಿಗೆ ಸೇರಿದಳು. ಅಡ್ಡಹೆಸರು ಬಿಟ್ಟು ಔಸ್ಮಾ ಎಂದೇ ಅವಳನ್ನು ಕರೆದವರು ಅವರೇ ಮೊದಲಿರಬೇಕು.

ಬಿರುಗಾಳಿ ಎದ್ದು ಇಳಿದ ಬೆಳಗ್ಗೆ ಕಡಲಪಾಚಿ ಗುಡ್ಡೆಗುಡ್ಡೆಯಾಗಿ ದಡಕ್ಕೆ ಬರುತ್ತದೆ, ಅದರೊಳಗೆ ಸಿಕ್ಕಿಕೊಂಡು, ಒಡವೆಗೆ ಬಳಸುವ ಜೇನಿನ ಬಣ್ಣದ ಅಂಬರ್ ಕಲ್ಲು ಬರುತ್ತದೆ. ಆಯುವವರು ಸೊಂಟದವರೆಗೆ ರಬ್ಬರು ತೊಟ್ಟು, ಉದ್ದ ಕೋಲಿನ ಬಲೆ ಹಿಡಿದು ಪಾಚಿಯ ಉದ್ದಕ್ಕೂ ಭುಜಕ್ಕೆ ಭುಜ ತಾಗುವಂತೆ ನಿಲ್ಲುತ್ತಾರೆ. ಆ ಸಾಲಿಗೆ ತನ್ನದೇ ಕಟ್ಟಳೆಗಳಿವೆ. ಯಾರ ಕೈಗೆ ಕಲ್ಲು ಹತ್ತಿತೋ ಅದು ಅವರದು, ಮಗುವಾದರೂ ಸರಿ, ದಾರಿಹೋಕನಾದರೂ ಸರಿ. ಇನ್ನೊಬ್ಬರ ಕೈಯಿಂದ ಕಿತ್ತುಕೊಂಡವರಿಗೆ ಸಾಲು ತೆರೆಯುವುದಿಲ್ಲ. ಬೈಯುವುದಿಲ್ಲ, ಹೊಡೆಯುವುದಿಲ್ಲ, ಬೆನ್ನು ಹಾಕಿ ಒತ್ತೊತ್ತಾಗಿ ನಿಂತುಬಿಡುತ್ತಾರೆ. ಇನ್ನೊಂದು ರೂಢಿಯಿದೆ. ಬೆಳಗಿನ ಮೊದಲ ಕಲ್ಲನ್ನು ಎಡಗೈಯ ಉಣ್ಣೆ ಗವಸಿನೊಳಗೆ ಅಂಗೈಗೆ ಒತ್ತಿಟ್ಟುಕೊಂಡು ಬೆಚ್ಚಗೇ ಮನೆಗೆ ಒಯ್ಯಬೇಕು. ತಣ್ಣಗಾದರೆ ಆ ದಿನದ ಅದೃಷ್ಟ ಮತ್ತೆ ನೀರಿಗೆ. ದಡದಲ್ಲಿ ಆಡುವ ಮಕ್ಕಳೂ ಇದನ್ನೇ ಮಾಡುತ್ತವೆ, ಟೆಕ್ಲಾಳೂ ಕಲಿತಿದ್ದಳು.

ಆದರೆ ಈ ಕಡಲಲ್ಲಿ ಅಂಬರಿನ ತದ್ರೂಪಿ ಇನ್ನೊಂದಿದೆ. ನೀರಿಗೆ ಸುರಿದ ಹಳೆಯ ಬೆಂಕಿಬಾಂಬುಗಳೊಳಗಿನ ರಂಜಕ. ಒದ್ದೆಯಿರುವಷ್ಟು ಹೊತ್ತು ಅದೂ ಹಳದಿ ಕಲ್ಲೇ. ಒಣಗಿ ಮೈಯ ಬಿಸಿ ತಾಗಿತೆಂದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ನೀರು ಹಾಕಿದರೆ ಆರಿದಂತೆ ಮಾಡಿ, ಒಣಗಿದ ಕೂಡಲೇ ಮತ್ತೆ ಏಳುತ್ತದೆ. ಆಯುವವರು ಅದರ ಹೆಸರನ್ನು ಬಾಯಲ್ಲಿ ಆಡುವುದಿಲ್ಲ, ಆಡಿದರೆ ಕೊಳ್ಳುವವರು ಬರುವುದಿಲ್ಲ. ತೀರಾ ಕೇಳಿದರೆ ಇಲ್ಲಿ ಇಲ್ಲ, ದಕ್ಷಿಣದ ಕಡೆ ಎನ್ನುತ್ತಾರೆ. ದಕ್ಷಿಣದವರು ಉತ್ತರಕ್ಕೆ ಕೈ ತೋರಿಸುತ್ತಾರೆ ಎಂದು ಊಗಿಸ್ ನಗುತ್ತಾನೆ. ನನಗೆ ನಗು ಬರುವುದಿಲ್ಲ.

ಅಕ್ಟೋಬರಿನ ಒಂದು ಬಿರುಗಾಳಿ ಇಳಿದ ಬೆಳಗ್ಗೆ ಟೆಕ್ಲಾಳನ್ನು ಕರೆದುಕೊಂಡು ದಡಕ್ಕೆ ಹೋಗಿದ್ದೆ. ಮಗುಚಿಬಿದ್ದ ಕೋಟೆಗೋಡೆಯ ಹತ್ತಿರ ಅವಳು ನನ್ನ ಕೈ ಬಿಡಿಸಿಕೊಂಡು ಓಡಿ, ಪಾಚಿಯಲ್ಲಿ ಕೈಯಾಡಿಸಿ, ಅಮ್ಮಾ ನಂಗೆ ಸಿಕ್ತು ಎಂದು ಒಂದು ಹಳದಿ ಕಲ್ಲನ್ನು ಎತ್ತಿ ತೋರಿಸಿ ಕೆಂಪು ಗವಸಿನೊಳಗೆ ತುರುಕಿಕೊಂಡಳು. ನಾನು ನೋಡುತ್ತಿದ್ದಂತೆ ಸಾಲಿನಿಂದ ಔಸ್ಮಾ ಬೂಟು ಬಡಿಯುತ್ತ ಓಡಿ ಬಂದಳು. ಮಗುವಿನ ತೋಳು ಹಿಡಿದು ಗವಸನ್ನು ಎಳೆದಳು. ಮಗು ಮುಷ್ಟಿ ಬಿಗಿ ಹಿಡಿಯಿತು. ಔಸ್ಮಾ ಆ ಮುಷ್ಟಿಯ ಮೇಲೆ ಫಟ್ಟನೆ ಒಂದು ಏಟು ಹಾಕಿ, ಗವಸನ್ನು ಕಿತ್ತು, ಕಲ್ಲಿನ ಸಮೇತ ದೂರ ನೀರಿಗೆ ಎಸೆದಳು.

"ಮಗು ಮೇಲೆ ಕೈ ಮಾಡ್ತೀರಾ?" ಎಂದೆ.

"ಕೈ ಉಳೀಲಿ ಅಂತಾನೇ ಮಾಡಿದ್ದು," ಎಂದಳು ಔಸ್ಮಾ. "ಅದು ಅಂಬರ್ ಅಲ್ಲ, ಬೆಂಕಿ."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಅವರಲ್ಲಿ ಹಿರಿಯಳು ಬ್ರೋನ್ಯಾ, ಸತ್ತ ಗಂಡನ ಕೋಟು ತೊಟ್ಟು ನಿಲ್ಲುವ ದಪ್ಪ ಹೆಂಗಸು. ಅವಳ ಮಾತಿನಂತೆಯೇ ಆ ಸಾಲು ನಡೆಯುವುದು. "ಇಲ್ಲಿ ಬೆಂಕಿ ಎಲ್ಲಿಂದ ಬಂತೇ ಔಸ್ಮಾ?" ಎಂದಳು. "ಬೇಲಿ ಬಿಚ್ಚಿದಾಗಿಂದ ನಿಂತಿದೀನಿ, ನನ್ನ ಕೋಟಿಗೆ ಒಂದು ತೂತಿಲ್ಲ. ಮಕ್ಕಳ ಕೈಯಿಂದ ಕಿತ್ಕೊಳ್ಳೋದು ಶುರು ಮಾಡಿದ್ಯಾ? ನಾಳೆ ತೊಟ್ಟಿಲಿಗೂ ಕೈ ಹಾಕ್ತೀಯ."

ಯಾರೋ ಕಿಸಕ್ಕೆಂದರು. ಔಸ್ಮಾ ತನ್ನ ಜಾಗಕ್ಕೆ ವಾಪಸು ಬರುವಷ್ಟರಲ್ಲಿ ಆ ಜಾಗ ಇರಲಿಲ್ಲ. ಎರಡೂ ಕಡೆಯವರು ಒತ್ತಿ ನಿಂತಿದ್ದರು. ಕಲ್ಲು ಕಡಲು ಸೇರಿತ್ತು, ತೋರಿಸಲು ಅವಳ ಹತ್ತಿರ ಏನೂ ಉಳಿದಿರಲಿಲ್ಲ. ನಾನು ಅಳುವ ಮಗುವನ್ನು ಎತ್ತಿಕೊಂಡು ಮನೆಗೆ ಬಂದೆ. ಬರುವಾಗ ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಕಳ್ಳಿ ಎಂದೇ ಹೇಳಿದೆ.

ಆಮೇಲೆ ಬಂದ ಬಿರುಗಾಳಿಗೂ ಅವಳು ಬಲೆ ಹೊತ್ತು ಹೋಗಿ ಸಾಲಿನ ಬೆನ್ನ ಹಿಂದೆ ನಿಂತು, ಖಾಲಿ ಬಕೆಟ್ಟು ಹಿಡಿದು ಬಂದಳು. ಅದರ ಮುಂದಿನದಕ್ಕೂ ಹಾಗೆಯೇ. ಅಂಬರ್ ಕೊಳ್ಳಲು ವ್ಯಾನಿನಲ್ಲಿ ಬರುವ ವ್ಯಾಪಾರಿ ಅವಳನ್ನು ಕಂಡೂ ಕಾಣದಂತೆ ಹೋದ. ಚಳಿಗಾಲ ಬಾಗಿಲಲ್ಲಿತ್ತು. ಅವಳ ಸೌದೆ ಗೂಡಿನಲ್ಲಿ ಒಂದಿಷ್ಟು ಮುರಿದ ಕಿಟಕಿ ಚೌಕಟ್ಟು ಬಿಟ್ಟರೆ ಏನೂ ಇರಲಿಲ್ಲ, ಪಿಂಚಣಿ ಬ್ರೆಡ್ಡಿಗೆ ಸಾಲುತ್ತಿತ್ತು ಅಷ್ಟೆ. ಆ ಸಾಲಿನಲ್ಲಿ ಮತ್ತೆ ಜಾಗ ಸಿಗದಿದ್ದರೆ ಅವಳು ಈ ಚಳಿಗಾಲ ದಾಟುವುದು ಹೇಗೆಂದು ಇಡೀ ಕಟ್ಟಡ ಮಾತಾಡಿಕೊಂಡಿತು, ಯಾರೂ ಒಂದು ಕಟ್ಟು ಸೌದೆ ಕೊಡಲಿಲ್ಲ. ನಾನೂ ಕೊಡಲಿಲ್ಲ. ಮೇಲೆ ಬೂಟಿನ ಸದ್ದು ನಿಂತಿತ್ತು. ಟೆಕ್ಲಾ ಚೆನ್ನಾಗಿ ನಿದ್ದೆ ಮಾಡುತ್ತಿದ್ದಳು.

ನನಗೆ ನಿದ್ದೆಯಿರಲಿಲ್ಲ. ಒಂದು ವೇಳೆ ಅವಳು ಹೇಳಿದ್ದು ನಿಜವಾಗಿದ್ದ ಪಕ್ಷದಲ್ಲಿ? ಟೆಕ್ಲಾಳ ಅಂಗೈಯನ್ನು ದೀಪದ ಕೆಳಗೆ ಹಿಡಿದು ನೋಡುತ್ತಿದ್ದೆ. ಒಂದು ಕೆಂಪು ಗುರುತಿತ್ತು. ಏಟಿಗೆ ಕಲ್ಲು ಒತ್ತಿ ಆದದ್ದೋ ಸುಟ್ಟದ್ದೋ ತಿಳಿಯಲಿಲ್ಲ, ಅದು ಮಾಯುವವರೆಗೂ ತಿಳಿಯಲಿಲ್ಲ. ಅಲ್ಲಿ ಒಂದು ಚೂರು ಇದ್ದರೆ ಇನ್ನೂ ಇರಬೇಕಲ್ಲ ಎಂದು ಊಗಿಸ್‌ನನ್ನು ಕೇಳಿದೆ. ಇಡೀ ಊರೇ ಮದ್ದಿನ ಮೇಲೆ ಕೂತಿದೆ ಮಾರಾಯ್ತಿ, ಎಷ್ಟಕ್ಕೆ ಅಂತ ಹೆದರ್ತೀಯ ಎಂದ. ಅವನಿಗೆ ಅದು ಸಮಾಧಾನದ ಮಾತು. ಕೊನೆಗೆ ಒಂದು ಮಧ್ಯಾಹ್ನ ನಾನೇ ಮೇಲೆ ಹೋಗಿ ಬಾಗಿಲು ತಟ್ಟಿದೆ.

ಔಸ್ಮಾ ಕೂತುಕೋ ಎನ್ನಲಿಲ್ಲ. ಒಲೆಯ ಮೇಲೆ ಆಲೂಗೆಡ್ಡೆ, ಸಬ್ಬಸಿಗೆ ಹಾಕಿದ ತೆಳ್ಳನೆಯ ಸಾರು ಕುದಿಯುತ್ತಿತ್ತು. ಅಡುಗೆಮನೆಯಲ್ಲೂ ಅವಳು ಕೋಟು ತೊಟ್ಟೇ ಇದ್ದಳು.

"ಔಸ್ಮಮ್ಮ, ನಿಜ ಹೇಳಿ. ಅದು ಬೆಂಕೀನೇನಾ?"

"ಹೌದು ಅಂದಾಗ ನಂಬ್ಲಿಲ್ಲ. ಈಗ ಅಲ್ಲ ಅಂದ್ರೆ ನಂಬ್ತೀಯಾ?"

ಅಷ್ಟು ದೂರದಿಂದ, ಗವಸಿನೊಳಗೆ ಹೋದ ಕಲ್ಲು ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದೆ. ತಿಳಿಯಲಿಲ್ಲ ಎಂದಳು. ಬೆಂಕಿಯೋ ಅಂಬರೋ ಅವಳಿಗೂ ಗುರುತು ಹಿಡಿಯಲು ಬರುವುದಿಲ್ಲವಂತೆ, ಯಾರಿಗೂ ಬರುವುದಿಲ್ಲವಂತೆ. ಅವಳಿಗೆ ಗೊತ್ತಿದ್ದದ್ದು ಜಾಗ ಮಾತ್ರ. ಸೌಟಿನಿಂದ ಸಾರು ಕದಡುತ್ತ, ನನ್ನ ಮುಖ ನೋಡದೆ, ಯಾರಿಗೋ ಬೈಯುವ ಧ್ವನಿಯಲ್ಲಿ ಹೇಳಿದಳು. ಹಳೆಯ ಬಾಂಬಿನ ಪೆಟ್ಟಿಗೆಗಳನ್ನು ಆಳ ನೀರಿಗೆ ಒಯ್ದು ಹಾಕಿ ಬನ್ನಿ ಎಂದು ಗ್ಲೆಬ್‌ನ ದೋಣಿಯವರಿಗೆ ಹುಕುಂ ಆಗಿತ್ತು. ಆಳ ಎಂದರೆ ಇಡೀ ದಿನದ ದಾರಿ. ಅವರು ಲೈಟ್‌ಹೌಸು ಕಣ್ಣಿಗೆ ಕಾಣುವಷ್ಟು ದೂರದಲ್ಲೇ, ಕೋಟೆಗೋಡೆಯ ಎದುರಿಗೆ ಎಲ್ಲವನ್ನೂ ಉರುಳಿಸಿ, ಮಂಜಿನಲ್ಲಿ ಲಂಗರು ಹಾಕಿ ಇಸ್ಪೀಟು ಆಡಿ ಸಂಜೆಗೆ ವಾಪಸು ಬಂದರು. ಉಳಿದ ಡೀಸೆಲ್ ಮಾರಿಕೊಂಡರು. ಒಂದು ಸಲವಲ್ಲ, ಇಡೀ ಬೇಸಿಗೆ ಹಾಗೇ ನಡೆಯಿತು.

"ಆ ದುಡ್ಡಲ್ಲಿ ಅವನು ಕುಡಿದ, ನಾನು ಬೂಟು ತಗೊಂಡೆ," ಎಂದಳು. "ಜೆಕ್ ದೇಶದ್ದು, ಒಳಗೆ ತುಪ್ಪಳ. ಎಷ್ಟು ಬೆಚ್ಚಗಿದ್ವು ಗೊತ್ತಾ?"

ಹಾಗಾದರೆ ಇದನ್ನು ಸಾಲಿನವರಿಗೆ ಹೇಳಬೇಕು ಎಂದೆ. ಆಗ ಅವಳು ನನ್ನತ್ತ ತಿರುಗಿದಳು.

"ನಾನು ಬಾಯಿ ಮುಚ್ಕೊಂಡಿದ್ರೆ ವಸಂತದ ಹೊತ್ತಿಗೆ ಬ್ರೋನ್ಯಾಗೆ ಬೇಜಾರು ಬಂದು ಜಾಗ ಬಿಡ್ತಾಳೆ. ಇದನ್ನ ಹೇಳಿದ್ರೆ ಸಾಯೋವರೆಗೂ ಬಿಡಲ್ಲ. ನಂಗೆ ಅನ್ನ ಹಾಕೋಳು ನೀನಾ?"

ಅಲ್ಲಿ ಮಕ್ಕಳು ಆಡುತ್ತವೆ ಎಂದೆ. ನಿನ್ನ ಮಗೂನ ನೀನು ಹಿಡ್ಕೋ, ನಾನೇನು ಊರ ಆಯಾನಾ ಎಂದು ಬಾಗಿಲು ತೆರೆದು ನಿಂತಳು. ಹಾಗಿದ್ದರೆ ನಾನೇ ಹೇಳುತ್ತೇನೆ ಎಂದು ಬೆದರಿಸಿದೆ. ಧಾರಾಳವಾಗಿ ಹೇಳು, ನಿನ್ನನ್ನ ಯಾರು ನಂಬ್ತಾರೆ ಎಂದಳು.

ಅವಳು ಹೇಳಿದಂತೆಯೇ ಆಯಿತು. ಮಾರನೆಯ ದಿನ ಬ್ರೆಡ್ಡಿನ ಅಂಗಡಿಯಲ್ಲಿ ಬ್ರೋನ್ಯಾ ಸಿಕ್ಕಾಗ, ಅಲ್ಲಿ ನಿಜವಾಗಿಯೂ ಬೆಂಕಿ ಇದೆಯಂತೆ ಎಂದು ಶುರು ಮಾಡಿದೆ. ಗ್ಲೆಬ್‌ನ ಹೆಸರು ಬಾಯಿಗೆ ಬರುವ ಮೊದಲೇ ಅವಳು ನನ್ನ ಕೆನ್ನೆ ತಟ್ಟಿದಳು. "ಹೋದ ತಿಂಗಳು ಕಳ್ಳಿ ಅಂದೆ, ಈ ತಿಂಗಳು ಸತ್ಯವಂತೆ ಅಂತೀಯ. ಮನೆಗೆ ಹೋಗಿ ಸ್ವಲ್ಪ ನಿದ್ದೆ ಮಾಡು ತಾಯಿ." ಟೆಕ್ಲಾಳ ಶಿಶುವಿಹಾರದ ಟೀಚರ ಬಳಿಯೂ ಹೋದೆ. ಬಿರುಗಾಳಿ ಇಳಿದ ಮೇಲೆ ಮಕ್ಕಳನ್ನು ದಡಕ್ಕೆ ಕರೆದೊಯ್ದು ಕಲ್ಲು ಆರಿಸುವುದು ಅವರ ವಾಡಿಕೆ. ನಿಮ್ಮಂಥ ತಾಯಂದಿರ ಮಾತು ಕೇಳಿದರೆ ಮಕ್ಕಳಿಗೆ ಹಾಲೂ ಕುಡಿಸುವಂತಿಲ್ಲ ಎಂದು ಅವರು ನಗುತ್ತಲೇ ನನ್ನನ್ನು ಗೇಟಿನವರೆಗೆ ಬಿಟ್ಟುಬಂದರು. ಮುಂದಿನ ಬಿರುಗಾಳಿಗೆ ಟೆಕ್ಲಾಳನ್ನು ಕಳಿಸುವುದಿಲ್ಲ ಎಂದು ನಾನು ತೀರ್ಮಾನಿಸಿದ್ದೆ.

ಊಗಿಸ್ ಕಳಿಸಿಬಿಟ್ಟಿದ್ದ. ನವೆಂಬರಿನಲ್ಲಿ ಇಡೀ ವಾರ ಗಾಳಿ ಬೀಸಿ ನಿಂತ ದಿನ, ನಾನು ಔಷಧಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಮಗುವನ್ನು ಶಿಶುವಿಹಾರಕ್ಕೆ ಬಿಟ್ಟಿದ್ದ. ನಾನು ಔಷಧಿ ಚೀಲ ಹಿಡಿದುಕೊಂಡೇ ದಡಕ್ಕೆ ಓಡಿದೆ.

ಪಾಚಿ ಆ ಸಲ ಬಂದು ಬಿದ್ದಿದ್ದು ಸರಿಯಾಗಿ ಕೋಟೆಗೋಡೆಯ ಮುಂದೆ, ಮೊಣಕಾಲೆತ್ತರ. ಸಾಲು ಅಲ್ಲೇ ನಿಂತಿತ್ತು. ಬ್ರೋನ್ಯಾಳ ಎಡಗವಸು ಆಗಲೇ ಉಬ್ಬಿತ್ತು, ಅವಳ ಪಕ್ಕದವನದೂ. ಸಾಲಿನ ಹಿಂದೆ ಔಸ್ಮಾ ಬಲೆ, ಬಕೆಟ್ಟು ಹಿಡಿದು, ನೋಡುವ ಕೆಲಸ ಮಾತ್ರ ತನಗೆ ಉಳಿದಿದೆ ಎಂಬಂತೆ ನಿಂತಿದ್ದಳು. ಮರಳದಿಬ್ಬದ ಮೇಲೆ ಮಕ್ಕಳು ಹಗ್ಗ ಹಿಡಿದು ಜೋಡಿಜೋಡಿಯಾಗಿ ಇಳಿಯುತ್ತಿದ್ದರು. ಟೆಕ್ಲಾಳ ನೀಲಿ ಟೋಪಿ ಮುಂದಿನ ಜೋಡಿಯಲ್ಲೇ ಕಂಡಿತು.

ನಾನು ಔಸ್ಮಾಳ ತೋಳು ಹಿಡಿದೆ. "ಔಸ್ಮಮ್ಮ, ಮಕ್ಕಳು ಬರ್ತಿದಾರೆ. ನಾನು ಹೇಳಿದ್ರೆ ಯಾರೂ ಕೇಳಲ್ಲ."

ಅವಳು ಮಕ್ಕಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅಂಥ ದ್ವೇಷವನ್ನು ನಾನು ಅದಕ್ಕೆ ಮೊದಲು ಯಾರ ಕಣ್ಣಲ್ಲೂ ಕಂಡಿರಲಿಲ್ಲ. ತೋಳು ಕೊಡವಿಕೊಂಡು, ಸಾಲಿನ ತುದಿಯನ್ನು ಸುತ್ತಿ ಸೊಂಟದುದ್ದ ನೀರಿಗೆ ಇಳಿದು, ಬಲೆ ತುಂಬ ಪಾಚಿ ಎಳೆದು ತಂದು ದಡಕ್ಕೆ ಸುರಿದು ಕೆದಕಿದಳು. ಸಿಕ್ಕ ಹಳದಿ ಚೂರುಗಳನ್ನೆಲ್ಲ ಬಕೆಟ್ಟಿನ ನೀರಿಗೆ ಹಾಕಿಕೊಂಡು ಬ್ರೋನ್ಯಾಳ ಮುಂದೆ ಬಂದು ನಿಂತಳು.

"ನಿನ್ನ ಗವಸು ಕೊಡು."

"ಯಾಕೆ, ನಿಂದಿಲ್ವಾ?"

"ಸರಿ, ನಂದೇ ಸುಡ್ಲಿ."

ಔಸ್ಮಾ ತನ್ನ ಉಣ್ಣೆ ಗವಸನ್ನು ಕಳಚಿ ಕೋಟೆಯ ಕಲ್ಲಿನ ಮೇಲೆ ಇಟ್ಟು, ಚೂರುಗಳನ್ನು ಒರೆಸಿ ಅದರೊಳಗೆ ಹಾಕಿದಳು. ಸೊಂಟಕ್ಕೆ ಕಟ್ಟಿದ್ದ ಫ್ಲಾಸ್ಕಿನಿಂದ ತಗಡಿನ ಲೋಟಕ್ಕೆ ಬಿಸಿ ಚಹಾ ಬಗ್ಗಿಸಿ, ಲೋಟವನ್ನು ಗವಸಿನ ಮೇಲೆ ಕೂರಿಸಿದಳು. ಎಲ್ಲರಿಗೂ ಹಿಂದೆ ಸರಿಯಲು ಹೇಳಿದಳು. ಯಾರೂ ಸರಿಯಲಿಲ್ಲ. ಬ್ರೋನ್ಯಾ, ಮೊಟ್ಟೆ ತರಲಿಲ್ವಾ, ಜೊತೆಗೆ ಅದನ್ನೂ ಬೇಯಿಸಬಹುದಿತ್ತು ಎಂದಳು. ಒಬ್ಬ, ನಂಗೆ ಸಕ್ಕರೆ ಕಡಿಮೆ ಹಾಕು ಎಂದ. ನಗು ಎದ್ದಿತು. ನಗುವಿಗೆ ಕುತೂಹಲಗೊಂಡು ಟೀಚರೂ ಮಕ್ಕಳೂ ಹತ್ತಿರ ಬರುತ್ತಿದ್ದರು. ನಾನು ಓಡಿಹೋಗಿ ಹಗ್ಗದ ಮುಂದೆ ಕೈ ಚಾಚಿ ನಿಂತೆ. ಟೀಚರು ನನ್ನ ಹೆಸರು ಹಿಡಿದು ಏನೋ ಗದರಿಸುತ್ತಿದ್ದರು.

ಮೊದಲು ಬೆಳ್ಳುಳ್ಳಿಯಂಥ ವಾಸನೆ ಬಂತು. ಗವಸಿನ ಬಾಯಿಂದ ಬಿಳಿ ಹೊಗೆ ಹಾವಿನಂತೆ ಹೊರಟಿತು. ಯಾರೋ ಇನ್ನೂ ನಗುತ್ತಲೇ ಇದ್ದರು. ಅಷ್ಟರಲ್ಲಿ ಗವಸು ಭುಸ್ಸೆಂದು ಹೊತ್ತಿಕೊಂಡಿತು, ಲೋಟ ಮಗುಚಿತು, ಚೆಲ್ಲಿದ ಚಹಾದ ನಡುವೆಯೇ ಬಿಳಿ ಬೆಂಕಿ ಕಲ್ಲಿನ ಮೇಲೆ ಹರಿದಾಡಿತು. ಟೀಚರು ಹಗ್ಗವನ್ನು ತಿರುಗಿಸಿ ಮಕ್ಕಳನ್ನು ದಿಬ್ಬ ಹತ್ತಿಸತೊಡಗಿದರು. ಟೆಕ್ಲಾಳನ್ನು ನಾನು ಹಗ್ಗದಿಂದ ಬಿಡಿಸಿ ಎತ್ತಿಕೊಂಡೆ. ಸಾಲಿನವರು ಒಬ್ಬೊಬ್ಬರಾಗಿ ಎಡಗವಸು ಬಿಚ್ಚಿ, ಬಾಯಿ ಕೆಳಗೆ ಮಾಡಿ ನೀರಿನ ಮೇಲೆ ಕೊಡವಿದರು. ಬ್ರೋನ್ಯಾ ಎಲ್ಲರಿಗಿಂತ ಹೆಚ್ಚು ಹೊತ್ತು ಕೊಡವಿದಳು.

ಆಮೇಲೆ ಅವಳು ಔಸ್ಮಾಳನ್ನು ನೋಡದೆಯೇ ಎಡಕ್ಕೆ ಒಂದು ಹೆಜ್ಜೆ ಸರಿದಳು. ಪಕ್ಕದವನು ಬಲಕ್ಕೆ ಸರಿದ. ಸಾಲಿನಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿತು. ಔಸ್ಮಾಳಿಗೆ ಬೇಕಾಗಿದ್ದದ್ದು ಅಷ್ಟೇ. ಬಾಯಿ ಮುಚ್ಚಿಕೊಂಡು ಹೋಗಿ ನಿಂತಿದ್ದರೆ ಅವಳ ಚಳಿಗಾಲ ಕಳೆಯುತ್ತಿತ್ತು. ಬಲೆಯನ್ನು ಹೆಗಲಿಗೇರಿಸಿ ಅವಳು ಹೊರಟೇ ಇದ್ದಳು.

"ಎಲ್ಲಿಂದಲೋ ಒಂದೆರಡು ಚೂರು ತೇಲಿ ಬಂದಿರುತ್ತೆ ಬಿಡಿ," ಎಂದ ಆ ಪಕ್ಕದವನು. "ಮಕ್ಕಳು ಹೋದ್ರಲ್ಲ. ಇನ್ನು ಬಕೆಟ್ಟಿಗೆ ಹಾಕ್ಕೊಂಡ್ರಾಯ್ತು." ಬಲೆಯನ್ನು ಮತ್ತೆ ನೀರಿಗೆ ಬಿಟ್ಟ. ಇನ್ನಿಬ್ಬರೂ ಬಿಟ್ಟರು.

ಔಸ್ಮಾ ಆ ಖಾಲಿ ಜಾಗದ ಅಂಚಿನಲ್ಲಿ ನಿಂತಳು. "ಒಂದೆರಡಲ್ಲ, ಪೆಟ್ಟಿಗೆಗಟ್ಟಲೆ ಇದೆ," ಎಂದಳು.

"ನಿಂಗೆ ಹೇಗೆ ಗೊತ್ತು?" ಎಂದು ಬ್ರೋನ್ಯಾ ಕೇಳಿದಳು.

ಔಸ್ಮಾ ಹೇಳಿದಳು. ಅಡುಗೆಮನೆಯಲ್ಲಿ ನನಗೆ ಹೇಳಿದಂತೆಯೇ, ಬೈಯುವ ಧ್ವನಿಯಲ್ಲಿ. ಗ್ಲೆಬ್, ಮಂಜು, ಇಸ್ಪೀಟು, ಡೀಸೆಲ್. ಬೂಟನ್ನೂ ಬಿಡಲಿಲ್ಲ. ಬಿಡಬಹುದಿತ್ತು ಎಂದು ನನಗೆ ಅನ್ನಿಸಿತು. ಆ ಬೂಟಿನ ವಿಷಯ ಯಾರಿಗೂ ಬೇಕಿರಲಿಲ್ಲ. ಬಲೆಗಳು ಒಂದೊಂದಾಗಿ ನೀರಿನಿಂದ ಮೇಲೆ ಬಂದವು. ಒಬ್ಬ ಮುದುಕ ಅವಳ ಕಾಲ ಬಳಿ ಉಗುಳಿದ. ರಷ್ಯನರ ಸಾಬೂನು ಎಂದು ಯಾರೋ ಅಂದರು. ಅಲ್ಲಿದ್ದ ಎಷ್ಟು ಮಂದಿಯ ಮನೆ ಆ ಕದ್ದ ಡೀಸೆಲ್‌ನಲ್ಲಿ ಬೆಚ್ಚಗಾಗಿತ್ತೋ, ಕೊಂಡವರೂ ಈ ಊರಿನವರೇ ಅಲ್ಲವೇ. ಅದನ್ನು ಔಸ್ಮಾ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

"ಕಲ್ಲು ಕಿತ್ಕೊಂಡಿದ್ದು ಮಾಫಿ," ಎಂದಳು ಬ್ರೋನ್ಯಾ. "ಬೂಟಿಗೆ ಮಾಫಿ ಇಲ್ಲ. ಹೋಗು."

ಬಿಟ್ಟಿದ್ದ ಜಾಗ ಮುಚ್ಚಿಕೊಂಡಿತು.

ಮುಂದಿನ ಬಿರುಗಾಳಿಯ ಹೊತ್ತಿಗೆ ಇಡೀ ಸಾಲು ಉತ್ತರಕ್ಕೆ, ಬಂದರಿನ ಅಲೆ ತಡೆಯುವ ಅಡ್ಡಗೋಡೆಯಾಚೆ ಸರಿದಿತ್ತು. ಕೋಟೆಗೋಡೆಯ ಮುಂದೆ ಯಾರೂ ಇರಲಿಲ್ಲ, ಔಸ್ಮಾ ಒಬ್ಬಳನ್ನು ಬಿಟ್ಟು. ಅಲ್ಲಿ ಬೆನ್ನು ಹಾಕುವವರೂ ಇಲ್ಲ, ಒತ್ತುವವರೂ ಇಲ್ಲ. ಅವಳು ಆ ವಿಷವನ್ನು ಊರಿನ ಒಳಿತಿಗಾಗಿ ಹೆಕ್ಕುತ್ತಿದ್ದಾಳೆ ಎಂದು ಊಗಿಸ್ ಕಣ್ಣು ತುಂಬಿಕೊಂಡ. ನಾನು ಹೋಗಿ ಕೇಳಿದೆ.

"ಒಳಿತೂ ಇಲ್ಲ, ಮಣ್ಣೂ ಇಲ್ಲ," ಎಂದಳು. "ಇಲ್ಲೂ ಅಂಬರ್ ಬರುತ್ತೆ ಕಣೇ. ಈಗ ಅಷ್ಟೂ ನಂದೇ."

ಸಿಕ್ಕಿದ್ದನ್ನೆಲ್ಲ ನೀರಿನ ಬಕೆಟ್ಟಿನಲ್ಲೇ ಇಟ್ಟು, ಆಮೇಲೆ ದಡದಲ್ಲೇ ಒಂದು ತಗಡಿನ ಹಾಳೆಯ ಮೇಲೆ ಹರಡಿ, ಕೆಳಗೆ ಕಡ್ಡಿ ಉರಿಸಿ ಕಾಯುತ್ತಾಳೆ. ಹೊತ್ತಿಕೊಂಡದ್ದು ಹೋಗುತ್ತದೆ, ಉಳಿದದ್ದನ್ನು ಆ ವ್ಯಾನಿನ ವ್ಯಾಪಾರಿ ದಿಬ್ಬದ ಮರೆಯಲ್ಲಿ, ಬ್ರೋನ್ಯಾಗೆ ಕಾಣದಂತೆ, ಕಡಿಮೆ ಬೆಲೆಗೆ ಕೊಳ್ಳುತ್ತಾನೆ. ಸೌದೆಗೆ ಸಾಲುತ್ತದೆ. ಗಾಳಿ ಈ ಕಡೆಗೆ ಬೀಸಿದರೆ ಬೆಳ್ಳುಳ್ಳಿಯ ವಾಸನೆ ನಮ್ಮ ಅಡುಗೆಮನೆಗೂ ಬರುತ್ತದೆ. ನಾನು ಕಿಟಕಿ ಮುಚ್ಚುತ್ತೇನೆ, ಮೇಲೆ ಬೂಟಿನ ಸದ್ದು ಕೇಳುವವರೆಗೆ ಕೈಗೆ ಕೆಲಸ ಹತ್ತುವುದಿಲ್ಲ.

ಅವಳ ಜಾಗಕ್ಕೆ ಮಕ್ಕಳು ಕಾಲಿಟ್ಟರೆ ಕೆಟ್ಟ ಮಾತು ಬೈಯುತ್ತಾಳೆ, ಮುಖಕ್ಕೆ ಮರಳು ಎರಚುತ್ತಾಳೆ. ತಾಯಂದಿರು ಸೇರಿ ದೂರು ಕೊಡಲು ಹೊರಟಾಗ ನನ್ನನ್ನೂ ಕರೆದರು. ಮಗುವಿಗೆ ಜ್ವರ ಎಂದು ಹೇಳಿ ಹೋಗಲಿಲ್ಲ. ಬೂಟಿನ ಮಾತು ನೆನಪಾದರೆ ನನಗೆ ಇಂದಿಗೂ ಮೈ ಉರಿಯುತ್ತದೆ, ಅವಳಿಗೆ ಒಳ್ಳೆಯ ಮಾತು ಆಡಬೇಕೆಂದು ಒಮ್ಮೆಯೂ ಅನ್ನಿಸಿಲ್ಲ. ಟೆಕ್ಲಾ ಮಾತ್ರ ದಿಬ್ಬದ ಮೇಲಿನಿಂದ ಕೈ ಬೀಸುತ್ತಾಳೆ. ಔಸ್ಮಾ ಬಲೆಯ ಕೋಲನ್ನು ಎತ್ತಿ, ಆಚೆ ಹೋಗಿ ಎಂದು ಗದರಿಸುತ್ತಾಳೆ. ನಾವು ಹೋಗುತ್ತೇವೆ.